ಹೂವಿನ ಟೈಮ್‌ಟೇಬಲ್ ಬರೆದ ತೋಟಗಾರ: ಜಿ. ಎಚ್. ಕೃಂಬಿಗಲ್



ನಮ್ಮ ಪತ್ರಿಕೆಯ ವ್ಯಕ್ತಿಪರಿಚಯ ಅಂಕಣ ಅಂದ್ರೆ ಸಾಮಾನ್ಯವಾಗಿ ಒಬ್ಬ ಎಂಜಿನಿಯರ್, ಇಲ್ಲವೇ ಒಬ್ಬ ವಿಜ್ಞಾನಿ. ಸೆಪ್ಟೆಂಬರ್ ಬಂತು ಅಂದ್ರೆ ವಿಶ್ವೇಶ್ವರಯ್ಯನವರು ಗ್ಯಾರಂಟಿ. ಈ ಸಲ ಮಾತ್ರ ಒಬ್ಬ ತೋಟಗಾರರ ಕಥೆ ಹೇಳೋಣ ಅಂತ ಕೂತಿದ್ದೇವೆ. ಅದಕ್ಕೆ ಕಾರಣ ನಮ್ಮದೇ ಒಂದು ಮುಖಭಂಗ. ಮೊದಲು ಅದನ್ನ ಒಪ್ಪಿಕೊಂಡುಬಿಡುತ್ತೇವೆ.

ಕಳೆದ ವರ್ಷ ಜೂನ್ 5ರಂದು, ವಿಶ್ವ ಪರಿಸರ ದಿನದ ನೆಪದಲ್ಲಿ, ನಮ್ಮ ಕನ್ನಡ ಸಂಘದವರೆಲ್ಲ ಸೇರಿ ಹಾಸ್ಟೆಲ್ ಹಿಂದಿನ ಖಾಲಿ ಜಾಗದಲ್ಲಿ 60 ಸಸಿ ನೆಟ್ಟೆವು. ಹೊಂಗೆ, ಬೇವು, ನೇರಳೆ, ಒಂದಷ್ಟು ಸಂಪಿಗೆ. ಭಾಷಣ ಆಯಿತು, ಫೋಟೋ ಆಯಿತು, ಎಲ್ಲರ ಸ್ಟೇಟಸ್‌ನಲ್ಲೂ ಹಸಿರು ಮಿಂಚಿತು. ಮಳೆಗಾಲ ಇರೋತನಕ ಗಿಡಗಳೂ ಚೆನ್ನಾಗೇ ಇದ್ದವು. ಆಮೇಲೆ ಇಂಟರ್ನಲ್ಸ್, ಲ್ಯಾಬ್ ಎಕ್ಸಾಮು, ಸೆಮಿಸ್ಟರ್ ರಜೆ. ಮಾರ್ಚ್‌ನಲ್ಲಿ ಯಾರಿಗೋ ನೆನಪಾಗಿ ಹೋಗಿ ಎಣಿಸಿದರೆ ಉಳಿದಿದ್ದು 11. ಕ್ಯಾಂಪಸ್ಸಿನ ಹಿರಿಯ ಮಾಲಿಯೊಬ್ಬರು ನಮ್ಮನ್ನ ಬೈಯಲಿಲ್ಲ. ಗಿಡ ನೆಡೋದು ಅರ್ಧ ಗಂಟೆ ಕೆಲಸ, ಸಾಕೋದು ಮೂರು ವರ್ಷದ ಕೆಲಸ ಅಂತಷ್ಟೇ ಹೇಳಿ, ಪೈಪು ಎಳೆದುಕೊಂಡು ಮುಂದೆ ಹೋದರು. ಬೈದಿದ್ದರೇ ವಾಸಿಯಿತ್ತು.

ಅದೇ ಬೇಜಾರಲ್ಲಿ ಒಂದು ಭಾನುವಾರ ಬೆಳಗ್ಗೆ ಮೆಟ್ರೋ ಹತ್ತಿ ಲಾಲ್‌ಬಾಗ್‌ಗೆ ಹೋದೆವು. ನೂರಾರು ವರ್ಷಗಳ ತೋಟ ಇನ್ನೂ ಹೇಗೆ ಬದುಕಿದೆ, ನಮ್ಮ 60 ಗಿಡ ಒಂದು ವರ್ಷ ಯಾಕೆ ಬದುಕಲಿಲ್ಲ? ಈ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದಾಗ ಮತ್ತೆ ಮತ್ತೆ ಎದುರಾದ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ಬಸ್ಸಿಗೆ ಕಾದವರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ಆದರೆ ಅದು ಯಾರ ಹೆಸರು ಅಂತ ಕೇಳಿದವರು ಕಡಿಮೆ.

ಎಲ್ಬೆ ನದಿಯ ಕಡೆಯ ಹುಡುಗ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ, ಡ್ರೆಸ್ಡನ್ ನಗರಕ್ಕೆ ಹತ್ತಿರದ ಲೋಮೆನ್ ಅನ್ನೋ ಸಣ್ಣ ಊರಿನಲ್ಲಿ. ಓದಿನ ಜೊತೆಗೆ ತೋಟಗಾರಿಕೆಯನ್ನು ಕಲಿತಿದ್ದು ಅಲ್ಲೇ ಹತ್ತಿರದ ಪಿಲ್ನಿಟ್ಸ್‌ನಲ್ಲಿ.

ಪಿಲ್ನಿಟ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಬೆ ನದಿ ದಂಡೆಯ ಆ ಅರಮನೆ ತೋಟದಲ್ಲಿ ಜಪಾನ್ ಮೂಲದ ಒಂದು ಕಮೀಲಿಯಾ ಮರ ಇದೆ. 1801ರಲ್ಲಿ ಅದನ್ನು ಈಗಿರುವ ಜಾಗದಲ್ಲಿ ನೆಟ್ಟರು. ಅಲ್ಲಿಯ ಚಳಿಗೆ ಅದು ಬದುಕೋ ಜಾತಿಯೇ ಅಲ್ಲ. ಹಾಗಾಗಿ ಪ್ರತಿ ಚಳಿಗಾಲದಲ್ಲೂ ಅದರ ಸುತ್ತ ಮರದ ಮನೆ ಕಟ್ಟಿ, ಒಳಗೆ ಬೆಚ್ಚಗೆ ಇಟ್ಟು, ಬೇಸಿಗೆಗೆ ಬಿಚ್ಚುತ್ತಿದ್ದರು. ಈಗ ಅದಕ್ಕೆ ಹಳಿಯ ಮೇಲೆ ಉರುಳುವ ಗಾಜಿನ ಮನೆಯೇ ಇದೆ. ಮೆಕ್ಯಾನಿಕಲ್ ವಿಭಾಗದ ಗೆಳೆಯರು ಒಮ್ಮೆ ಅದರ ವಿಡಿಯೋ ಹುಡುಕಿ ನೋಡಿ. ಒಂದೇ ಒಂದು ಮರಕ್ಕಾಗಿ ತಲೆಮಾರುಗಳ ಕಾಲ ಚಳಿಗಾಲ ತಪ್ಪದ ಕೆಲಸ! ಕೃಂಬಿಗಲ್ ಅಲ್ಲಿ ಕಲಿಯುವಾಗ ಆ ಮರಕ್ಕೆ ಎಂಬತ್ತು ವರ್ಷ ದಾಟಿತ್ತು. ತೋಟಗಾರಿಕೆ ಅಂದರೆ ನೆಡುವುದಲ್ಲ, ಕಾಯುವುದು ಅಂತ ಕಲಿಯೋದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಕ್ಕಿಲ್ಲ.

1884ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಉತ್ತರ ಜರ್ಮನಿಯ ಶ್ವೆರಿನ್‌ನಲ್ಲಿ ಕೆಲಸಕ್ಕೆ ಸೇರಿದರು. 1887ರಲ್ಲಿ ಹ್ಯಾಂಬರ್ಗ್. ಆದರೆ ಅವರ ಕಣ್ಣಿದ್ದಿದ್ದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮೇಲೆ. ಜಗತ್ತಿನ ಮೂಲೆಮೂಲೆಯ ಗಿಡಗಳನ್ನು ತರಿಸಿ, ಬೆಳೆಸಿ, ಹೆಸರಿಟ್ಟು, ಮತ್ತೆ ಬೇರೆ ದೇಶಗಳಿಗೆ ಕಳಿಸುತ್ತಿದ್ದ ಸಂಸ್ಥೆ ಅದು. 1888ರಲ್ಲಿ ಇಂಗ್ಲೆಂಡಿಗೆ ಹೋದ ಕೃಂಬಿಗಲ್ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಪಾತಿಗಳ ವಿನ್ಯಾಸ ಮಾಡಿದರು, ಕ್ಯೂನಲ್ಲೂ ಕೆಲಸ ಮಾಡಿದರು. ಅರಮನೆ ತೋಟ ಬೇರೆ, ಊರಿನ ಪಾರ್ಕ್ ಬೇರೆ. ಅರಮನೆ ತೋಟದಲ್ಲಿ ಓಡಾಡೋದು ನಾಲ್ಕು ಜನ, ಹೈಡ್ ಪಾರ್ಕ್‌ನಲ್ಲಿ ಇಡೀ ನಗರ. ಜನ ತುಳಿಯುವ, ಮಕ್ಕಳು ಓಡುವ ಜಾಗದಲ್ಲಿ ಹೂವು ಉಳಿಸಿಕೊಳ್ಳೋದು ಬೇರೆಯದೇ ವಿದ್ಯೆ.

ಬರೋಡಾದ ಬಿಸಿಲು

1893ರಲ್ಲಿ, ತಮ್ಮ 27ನೇ ವಯಸ್ಸಿನಲ್ಲಿ ಅವರು ಭಾರತಕ್ಕೆ ಬಂದರು. ಕರೆಸಿಕೊಂಡಿದ್ದು ಬರೋಡಾ ಸಂಸ್ಥಾನ. ಅಲ್ಲಿ ಆಗ ಮೂರನೇ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಮುಂದೆ 1906ರಲ್ಲಿ ಇಡೀ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ ಮಹಾರಾಜರು ಅವರು. ವಿಶ್ವಾಮಿತ್ರಿ ನದಿಯ ಪಕ್ಕದ ಸಯಾಜಿ ಬಾಗ್ 1879ರಲ್ಲೇ ತಯಾರಾಗಿತ್ತು, ಲಕ್ಷ್ಮೀವಿಲಾಸ ಅರಮನೆ ಆಗಷ್ಟೇ ಮುಗಿದಿತ್ತು. ಇಂಥ ಊರಿನ ಸಸ್ಯೋದ್ಯಾನಗಳ ಕ್ಯುರೇಟರ್ ಆಗಿ ಕೃಂಬಿಗಲ್ ನೇಮಕವಾದರು.

ಇಂಗ್ಲೆಂಡಿನ ಜಿಟಿಜಿಟಿ ಮಳೆಯಲ್ಲಿ ಕಲಿತ ತೋಟಗಾರಿಕೆ ಗುಜರಾತಿನ ಏಪ್ರಿಲ್-ಮೇ ಬಿಸಿಲಿಗೆ ಎಲ್ಲಿ ಸಾಕಾಗುತ್ತೆ? ಅಲ್ಲಿ ಹುಲ್ಲುಹಾಸು ತಾನಾಗೇ ಹಸಿರಾಗಿರುತ್ತೆ, ಇಲ್ಲಿ ಒಂದು ವಾರ ನೀರು ತಪ್ಪಿದರೆ ಒಣಗಿ ಹೋಗುತ್ತೆ. ಅಲ್ಲಿ ಬಿಸಿಲು ಬೇಕು ಅಂತ ತೋಟ ಮಾಡ್ತಾರೆ, ಇಲ್ಲಿ ನೆರಳು ಬೇಕು ಅಂತ. ಬರೋಡಾದಲ್ಲಿ ಸುಮಾರು ಹದಿನೈದು ವರ್ಷ ಇದ್ದ ಕೃಂಬಿಗಲ್ ಬರೀ ಹೂದೋಟ ನೋಡಿಕೊಳ್ಳಲಿಲ್ಲ. ಅಲ್ಲಿನ ಬೇಸಾಯ ಪದ್ಧತಿಯನ್ನು ಅಭ್ಯಾಸ ಮಾಡಿದರು, ರೈತರು ಸಹಕಾರದಿಂದ ಬೇಸಾಯ ಮಾಡುವುದರ ಬಗ್ಗೆ ಕೆಲಸ ಮಾಡಿದರು, ಊರಿನ ಯೋಜನೆ ಬಗ್ಗೆಯೂ ಸಲಹೆ ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬರೋಡಾ ಅವರ ಇಂಟರ್ನ್‌ಶಿಪ್, ಮೈಸೂರು ಸಂಸ್ಥಾನ ಅವರ ಮೇಜರ್ ಪ್ರಾಜೆಕ್ಟ್.

ಲಾಲ್‌ಬಾಗ್ ಅವರಿಗಿಂತ ಹಳೆಯದು

1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ಕೃಂಬಿಗಲ್ ಲಾಲ್‌ಬಾಗ್‌ನ ಹೊಣೆ ಹೊತ್ತರು. ಬೆಂಗಳೂರನ್ನ ಉದ್ಯಾನನಗರಿ ಮಾಡಿದವರೇ ಕೃಂಬಿಗಲ್ ಅಂತ ಬಹಳ ಕಡೆ ಬರೀತಾರೆ. ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳಬೇಕು, ಅದು ಪೂರ್ತಿ ಸರಿಯಲ್ಲ. ಅವರ ಕೈಗೆ ಬಂದಿದ್ದು ಆಗಲೇ ಒಂದೂವರೆ ಶತಮಾನ ವಯಸ್ಸಾಗಿದ್ದ ತೋಟ.

1760ರಲ್ಲಿ ಹೈದರ್ ಅಲಿ ಲಾಲ್‌ಬಾಗ್ ಶುರು ಮಾಡಿದಾಗ ಅದು ಸುಮಾರು 40 ಎಕರೆ. ಕ್ಯೂ ಸಸ್ಯೋದ್ಯಾನ ಶುರುವಾಗಿದ್ದು ಅದರ ಹಿಂದಿನ ವರ್ಷ, 1759ರಲ್ಲಿ. ಅಂದ್ರೆ ಎರಡೂ ಹೆಚ್ಚುಕಡಿಮೆ ಒಂದೇ ಬ್ಯಾಚು! ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡ, ಬೀಜ ತರಿಸಿ ತೋಟ ಬೆಳೆಸಿದರು. 1799ರ ನಂತರ ಕಂಪನಿ ಸರ್ಕಾರದ ಕೈಗೆ ಹೋಗಿ, 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನ ಅನ್ನಿಸಿಕೊಂಡಿತು. ಕ್ಯೂನಿಂದಲೇ ಬಂದ ವಿಲಿಯಂ ನ್ಯೂ, ಆಮೇಲೆ 1874ರಿಂದ ಜಾನ್ ಕ್ಯಾಮರಾನ್ ಅದನ್ನ ನೋಡಿಕೊಂಡರು. ನಾವೆಲ್ಲ ಫೋಟೋ ತೆಗೆಸಿಕೊಳ್ಳೋ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿದ್ದು ಕ್ಯಾಮರಾನ್ ಕಾಲದಲ್ಲಿ. ಅಮ್ಮ ಸಾಂಬಾರಿಗೆ ಹಾಕೋ ಸೀಮೆಬದನೆಕಾಯಿ ಇದೆಯಲ್ಲ, ಅದನ್ನ ಇಲ್ಲಿಗೆ ತಂದು ಬೆಳೆಸಿದ ಹೆಸರೂ ಕ್ಯಾಮರಾನ್ ಅವರದೇ.

ಹಳೇ ಊರುಗಳ ತೋಟಗಳ ಗುಣವೇ ಇದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬರುತ್ತವೆ. ಲಾಲ್‌ಬಾಗ್‌ನ ಬಂಡೆಯನ್ನೇ ನೋಡಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ, ಕೆಳಗೆ ಕೆರೆ, ಕೆರೆಯನ್ನು ನಂಬಿಕೊಂಡ ತೋಟ. ಹೊಸದಾಗಿ ಬಂದ ತೋಟಗಾರನಿಗೆ ಇಲ್ಲಿ ಖಾಲಿ ಹಾಳೆ ಸಿಗೋದಿಲ್ಲ. ಹಿಂದಿನವರು ಬರೆದಿದ್ದನ್ನ ಓದಿಕೊಂಡು, ಮುಂದಿನ ಸಾಲು ಬರೀಬೇಕು. ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಅರ್ಥವಾಗೋ ಹಾಗೆ ಹೇಳಬೇಕು ಅಂದ್ರೆ, ಬೇರೆಯವರು ಬರೆದ ಹಳೇ ಕೋಡ್ ಕೈಗೆ ಬಂದಂತೆ. ಎಲ್ಲ ಅಳಿಸಿ ಹೊಸದಾಗಿ ಬರೀತೀನಿ ಅನ್ನೋ ಆಸೆ ಮೊದಲು ಬರುತ್ತೆ. ಆದರೆ ನೂರು ವರ್ಷದ ಮರವನ್ನ ಡಿಲೀಟ್ ಮಾಡಿದರೆ ಮತ್ತೆ ಅನ್‌ಡೂ ಇಲ್ಲ.

ಹೂವಿನ ಟೈಮ್‌ಟೇಬಲ್

ಕೃಂಬಿಗಲ್ ಹೆಸರಿನ ಜೊತೆ ತಪ್ಪದೆ ಕೇಳಿಬರುವ ಒಂದು ಕಲ್ಪನೆ ಇದೆ. ಇಂಗ್ಲಿಷಿನಲ್ಲಿ ಸೀರಿಯಲ್ ಬ್ಲಾಸಮಿಂಗ್ ಅಂತಾರೆ, ಅಂದ್ರೆ ಸರದಿ ಮೇಲೆ ಹೂ ಬಿಡೋದು. ಊರಿನ ರಸ್ತೆಗಳಲ್ಲಿ ಒಂದೇ ಜಾತಿಯ ಮರ ನೆಟ್ಟರೆ ವರ್ಷದಲ್ಲಿ ಒಂದು ತಿಂಗಳು ಹಬ್ಬ, ಹನ್ನೊಂದು ತಿಂಗಳು ಬರೀ ಎಲೆ. ಅದರ ಬದಲು ಒಂದು ಜಾತಿಯ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗೋ ಹಾಗೆ ಜಾತಿಗಳನ್ನ ಆರಿಸಿದರೆ, ಊರಿನಲ್ಲಿ ಎಲ್ಲೋ ಒಂದು ಕಡೆ ಯಾವಾಗಲೂ ಹೂವು ಇರುತ್ತೆ.

ನಾವು ಈ ವರ್ಷ ಇದನ್ನ ಗಮನಿಸಿ ನೋಡಿದೆವು. ಜನವರಿ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯಾ. ಫೆಬ್ರವರಿ-ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ನೇರಳೆ ಬಣ್ಣದ ಜಕರಂಡಾ. ಯುಗಾದಿ ಹತ್ತಿರ ಬಂದ ಹಾಗೆ ಹೊಂಗೆ ಹೂವು ರಸ್ತೆ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಉದುರುತ್ತೆ. ಆಮೇಲೆ ಪೆಲ್ಟೊಫೋರಂನ ಹಳದಿ ರತ್ನಗಂಬಳಿ. ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್ ಕೆಂಪು, ಕಕ್ಕೆಯ ಬಂಗಾರದ ಗೊಂಚಲು, ಹೊಳೆದಾಸವಾಳದ ತಿಳಿನೇರಳೆ. ಮಳೆಗಾಲದ ಕೊನೆಯಲ್ಲಿ ಆಫ್ರಿಕನ್ ಟ್ಯೂಲಿಪ್ಪಿನ ಕಿತ್ತಳೆಗೆಂಪು. ಅಕ್ಟೋಬರ್ ದಾಟಿದರೆ ಆಕಾಶಮಲ್ಲಿಗೆ, ಬೆಳಗ್ಗೆ ಕಾಲೇಜಿಗೆ ಬರುವಾಗ ಫುಟ್‌ಪಾತ್ ಮೇಲೆ ಬಿದ್ದಿರೋ ಆ ಉದ್ದ ತೊಟ್ಟಿನ ಬಿಳಿ ಹೂವು. ಅಲ್ಲಿಗೆ ಮತ್ತೆ ಜನವರಿ.

ಕೇಳೋಕೆ ಸುಲಭ ಅನ್ನಿಸುತ್ತೆ. ಆದರೆ ಇದರ ಹಿಂದೆ ಎಷ್ಟು ಲೆಕ್ಕ ಇದೆ ನೋಡಿ. ಯಾವ ಮರ ಯಾವ ತಿಂಗಳು ಹೂ ಬಿಡುತ್ತೆ ಅನ್ನೋದು ಪುಸ್ತಕ ನೋಡಿ ಗೊತ್ತಾಗೋದಿಲ್ಲ. ಅದೇ ಮರ ಅದರ ತವರಿನಲ್ಲಿ ಒಂದು ಕಾಲಕ್ಕೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೊಂದು ಕಾಲಕ್ಕೆ ಹೂ ಬಿಡಬಹುದು. ಇಲ್ಲೇ ಬೆಳೆಸಿ, ವರ್ಷಗಟ್ಟಲೆ ಕಾದು, ಬರೆದಿಟ್ಟುಕೊಳ್ಳಬೇಕು. ಮರ ಎಷ್ಟು ಎತ್ತರ ಹೋಗುತ್ತೆ, ಬೇರು ಆಳಕ್ಕೆ ಇಳಿಯುತ್ತೋ ಅಡ್ಡಡ್ಡ ಹರಡುತ್ತೋ, ಗಾಳಿಗೆ ಕೊಂಬೆ ಮುರಿಯುತ್ತೋ, ಬೇಸಿಗೆಯಲ್ಲಿ ನೆರಳು ಕೊಡುತ್ತೋ, ಇವೆಲ್ಲ ಗೊತ್ತಿರಬೇಕು. ಸಸಿ ನೆಟ್ಟವನು ಅದರ ಪೂರ್ತಿ ನೆರಳು ನೋಡೋದೇ ಇಲ್ಲ ಅನ್ನೋದೂ ಗೊತ್ತಿರಬೇಕು. ಇಪ್ಪತ್ತು ಮೂವತ್ತು ವರ್ಷದ ಆಚೆಗೆ ಡಿಸೈನ್ ಮಾಡೋ ಕೆಲಸ ಇದು.

ಬೀಜ, ಸಸಿಮಡಿ, ಸಂಘ

ಹೂವಿನ ಕಲ್ಪನೆ ಎಲ್ಲರಿಗೂ ನೆನಪಿರುತ್ತೆ. ಅದರ ಕೆಳಗಿದ್ದ ವ್ಯವಸ್ಥೆ ಮರೆತುಹೋಗುತ್ತೆ. ನಮಗೆ ಇಷ್ಟವಾಗಿದ್ದು ಅದೇ.

ಮೊದಲನೆಯದು ಬೀಜದ ವಿನಿಮಯ. ಲಾಲ್‌ಬಾಗ್ ಮತ್ತು ಜಗತ್ತಿನ ಬೇರೆ ಸಸ್ಯೋದ್ಯಾನಗಳ ನಡುವೆ ಬೀಜ, ಸಸಿ ಕೊಡುಕೊಳ್ಳುವಿಕೆಯನ್ನು ಕೃಂಬಿಗಲ್ ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಬಂದಿದ್ದು ಬರೀ ಅಲಂಕಾರದ ಗಿಡ ಅಲ್ಲ. ಜಾನುವಾರಿಗೆ ಮೇವಾಗುವ ರೋಡ್ಸ್ ಹುಲ್ಲು, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳ, ರಷ್ಯಾದ ಸೂರ್ಯಕಾಂತಿ, ಇಂಥವೂ ಪ್ರಯೋಗಕ್ಕೆ ಬಂದವು. ಸಂಸ್ಥಾನಕ್ಕೆ ಉಪಯೋಗ ಆಗೋ ಬೆಳೆ ಯಾವುದು ಅಂತ ಪರೀಕ್ಷೆ ಮಾಡೋ ಲ್ಯಾಬ್ ಕೂಡ ಆಗಿತ್ತು ಲಾಲ್‌ಬಾಗ್.

ಎರಡನೆಯದು ಸಸಿಮಡಿ. ಹೊರಗಿಂದ ಬಂದ ಬೀಜವನ್ನ ನೇರ ರಸ್ತೆ ಪಕ್ಕ ಹಾಕೋಕಾಗಲ್ಲ. ಮೊದಲು ಮಡಿಯಲ್ಲಿ ಬೆಳೆಸಿ, ಈ ಮಣ್ಣಿಗೆ, ಈ ಬಿಸಿಲಿಗೆ ಒಗ್ಗಿಸಿ, ಗಟ್ಟಿಯಾದ ಮೇಲೆ ಹೊರಗೆ ತರಬೇಕು. ನಾವು ಮಾಡಿದ ತಪ್ಪುಗಳಲ್ಲಿ ಇದೂ ಒಂದು. ಮೊಣಕಾಲೆತ್ತರ ಬರದ ಸಸಿಗಳನ್ನ ಕೊಂಡು ತಂದು, ಗಟ್ಟಿ ಮೊರಂ ನೆಲದಲ್ಲಿ ಒಂದಡಿ ಗುಂಡಿ ತೋಡಿ ನೆಟ್ಟುಬಿಟ್ಟಿದ್ದೆವು. ಅಂಥ ನೆಲದಲ್ಲಿ ಮೂರಡಿ ಆಳ, ಮೂರಡಿ ಅಗಲದ ಗುಂಡಿ ತೆಗೆದು, ಒಳ್ಳೆ ಮಣ್ಣು-ಗೊಬ್ಬರ ತುಂಬಿ, ಎದೆಮಟ್ಟದ ಸಸಿ ನೆಟ್ಟು, ಊರುಗೋಲು ಕಟ್ಟಿ, ಸುತ್ತ ಬೇಲಿ ಹಾಕಬೇಕಿತ್ತು ಅಂತ ಈಗ ಗೊತ್ತಾಗಿದೆ.

ಮೂರನೆಯದು ಜನ. 1912ರಲ್ಲಿ ಕೃಂಬಿಗಲ್ ಮುಂದಾಳತ್ವದಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಇವತ್ತು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲಲ್ಲಿ ಹೋಗ್ತೀವಲ್ಲ, ಅದರ ಹಿಂದೆ ಇರೋದು ಇದೇ ಸಂಘದ ಪರಂಪರೆ. ತೋಟ ಸರ್ಕಾರದ್ದು, ನೋಡಿ ಬರೋದು ನಮ್ಮ ಕೆಲಸ ಅನ್ನೋ ಭಾವನೆ ಇದ್ದಲ್ಲಿ, ಮನೆ ಮುಂದೆ ನಾಲ್ಕು ಕುಂಡ ಇಟ್ಟವರನ್ನೂ ತೋಟಗಾರರು ಅಂತ ಕರೆದು ಒಳಗೆ ಸೇರಿಸಿಕೊಂಡ ಕೆಲಸ ಅದು. ಜೊತೆಗೆ ಲಾಲ್‌ಬಾಗ್‌ನಲ್ಲಿ ಕೆಲಸ ಕಲಿತ ಮುಂದಿನ ತಲೆಮಾರು. 1932ರಲ್ಲಿ ಕೃಂಬಿಗಲ್ ನಿವೃತ್ತರಾದಾಗ ಆ ಜಾಗಕ್ಕೆ ಬಂದವರು ಎಚ್. ಸಿ. ಜವರಾಯ, ಆ ಹುದ್ದೆಗೆ ಬಂದ ಮೊದಲ ಭಾರತೀಯ. ಅವರೂ ಕ್ಯೂನಲ್ಲಿ ತರಬೇತಿ ಪಡೆದವರು. ಗಾಜಿನ ಮನೆಗೆ 1935ರಲ್ಲಿ ಭದ್ರಾವತಿಯ ಉಕ್ಕಿನಿಂದ ಹೊಸ ಭಾಗ ಸೇರಿದ್ದು ಜವರಾಯರ ಕಾಲದಲ್ಲಿ. ಮುಂದೆ ಹಾರ್ವರ್ಡ್‌ನಲ್ಲಿ ಓದಿ ಬಂದ ಡಾ. ಎಂ. ಎಚ್. ಮರಿಗೌಡರು ಇದೇ ಲಾಲ್‌ಬಾಗ್‌ನಿಂದ ಇಡೀ ರಾಜ್ಯದ ತೋಟಗಾರಿಕೆಯನ್ನ ಕಟ್ಟಿದರು.

ಅಣೆಕಟ್ಟಿನ ಕೆಳಗೊಂದು ತೋಟ

ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಕೆಆರ್‌ಎಸ್ ಬರದೇ ಇದ್ದರೆ ಹೇಗೆ? 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದಿದ್ದು ಎರಡು ದಶಕದ ನಂತರ. ಅದರ ಕೆಳಗಿನ ಬೃಂದಾವನ ತೋಟದ ಕೆಲಸ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕನಸು ಅದು, ಮನಸ್ಸಿನಲ್ಲಿದ್ದ ಮಾದರಿ ಕಾಶ್ಮೀರದ ಶಾಲಿಮಾರ್. ಅದರ ವಿನ್ಯಾಸದಲ್ಲಿ ಕೃಂಬಿಗಲ್ ಅವರ ಕೈಯಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ನೀರಿನ ಕಾಲುವೆ, ಕಾರಂಜಿ, ಎರಡೂ ಕಡೆ ಕತ್ತರಿಸಿ ನಿಲ್ಲಿಸಿದ ಗಿಡಗಳು.

ಸ್ಕೂಲ್ ಟ್ರಿಪ್ಪಿನಲ್ಲಿ ಬಣ್ಣದ ಕಾರಂಜಿ ನೋಡಿ ಬಂದಿದ್ದ ನಮಗೆ ಈಗ ಹೊಳೆದಿದ್ದು ಇಷ್ಟು. ಬೃಂದಾವನ ಇರೋದು ನೀರು ಇರೋ ಕಡೆ. ಅಷ್ಟು ಹುಲ್ಲು, ಅಷ್ಟು ಕಾರಂಜಿ ಕಟ್ಟೆಯ ಬುಡದಲ್ಲಿ ನ್ಯಾಯ. ಅದನ್ನೇ ನಕಲು ಮಾಡಿ ಟ್ಯಾಂಕರ್ ನೀರು ಕುಡಿಯೋ ಬಡಾವಣೆಯಲ್ಲಿ ಹುಲ್ಲುಹಾಸು ಹಾಸಿದರೆ ಅದು ಬೃಂದಾವನ ಆಗಲ್ಲ, ಬರೀ ಬಿಲ್ಲು ಆಗುತ್ತೆ.

ಯುದ್ಧ, ನಿವೃತ್ತಿ, ಕೊನೆ

ಇಷ್ಟೆಲ್ಲ ಮಾಡಿದ ಮನುಷ್ಯನ ಬದುಕಿನಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಭಾರತದಲ್ಲಿದ್ದ ಜರ್ಮನ್ನರನ್ನ ಶತ್ರುದೇಶದವರು ಅಂತ ಹಿಡಿದು ಬಂಧನದಲ್ಲಿಟ್ಟರು. ಕೃಂಬಿಗಲ್ ಅವರಿಗೂ ಅದು ತಪ್ಪಲಿಲ್ಲ. ಯೌವನದಲ್ಲೇ ಊರು ಬಿಟ್ಟು, ಆಯುಷ್ಯದ ದೊಡ್ಡ ಪಾಲನ್ನ ಈ ನೆಲದ ಗಿಡಮರಗಳಿಗೆ ಕೊಟ್ಟವರು, ಹುಟ್ಟಿದ ಊರು ಯಾವುದು ಅನ್ನೋ ಒಂದೇ ಕಾರಣಕ್ಕೆ ಅಪರಿಚಿತರಾಗಿಬಿಟ್ಟರು. ಬಿಡುಗಡೆ ಆದ ಮೇಲೂ ಅವರು ಜರ್ಮನಿಗೆ ವಾಪಸ್ ಹೋಗಿ ನೆಲೆಸಲಿಲ್ಲ. ಇಲ್ಲೇ ಉಳಿದರು.

ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. ಊರಿನ ಯೋಜನೆ, ತೋಟಗಳ ವಿನ್ಯಾಸಕ್ಕೆ ಸಲಹೆಗಾರರಾಗಿ ಕೆಲಸ ಮುಂದುವರಿಸಿದರು. ಸ್ವಾತಂತ್ರ್ಯ ಬಂದಿದ್ದನ್ನೂ ನೋಡಿದರು. 1956ರ ಫೆಬ್ರವರಿ 8ರಂದು, ತಮ್ಮ 90ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡ ನಾಡು ಒಂದಾಗೋಕೆ ಇನ್ನು ಒಂಬತ್ತು ತಿಂಗಳು ಬಾಕಿ ಇತ್ತು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಎಲ್ಲ ಕೀರ್ತಿ ಒಬ್ಬರಿಗೇನಾ?

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಆದರೆ ನಮ್ಮ ತಂಡದಲ್ಲೇ ಒಂದು ಚರ್ಚೆ ಎದ್ದಿತು, ಅದನ್ನೂ ಹೇಳಿಬಿಡ್ತೀವಿ.

ಒಂದು ಗುಂಪಿನ ವಾದ ಹೀಗಿತ್ತು. ಗುಲ್‌ಮೊಹರ್ ಮಡಗಾಸ್ಕರ್‌ನದ್ದು, ಜಕರಂಡಾ ದಕ್ಷಿಣ ಅಮೆರಿಕದ್ದು, ಆಫ್ರಿಕನ್ ಟ್ಯೂಲಿಪ್ ಹೆಸರಲ್ಲೇ ಆಫ್ರಿಕಾ ಇದೆ. ಹೊರಗಿನ ಮರ ತುಂಬಿಸಿದ್ದನ್ನ ಯಾಕೆ ಹೊಗಳಬೇಕು? ನಮ್ಮ ಹೊಂಗೆ, ಬೇವು, ಸಂಪಿಗೆ, ಮುತ್ತುಗ ಸಾಲದೇ? ಮಲ್ಲೇಶ್ವರದಲ್ಲಿ ಸಂಪಿಗೆ ಹೆಸರಲ್ಲೊಂದು, ಬೇವಿನ ಹೆಸರಲ್ಲೊಂದು ರಸ್ತೆ ಇರೋದು ಸುಮ್ಮನೇನಾ? ಇದರಲ್ಲಿ ಸತ್ಯ ಇದೆ. ಇವತ್ತಾದರೆ ನೀರು, ಹಕ್ಕಿ, ಜೇನುನೊಣ, ಗಾಳಿಗೆ ಬೀಳುವ ಅಪಾಯ ಎಲ್ಲ ನೋಡಿ, ಸ್ಥಳೀಯ ಜಾತಿಗಳಿಗೆ ಹೆಚ್ಚು ಜಾಗ ಕೊಟ್ಟೇ ಪಟ್ಟಿ ಮಾಡಬೇಕು. ಆದರೆ ಸರದಿಯಲ್ಲಿ ಹೂ ಬಿಡಿಸೋ ಉಪಾಯಕ್ಕೆ ಹೊರಗಿನ ಮರವೇ ಬೇಕು ಅಂತೇನಿಲ್ಲ. ಮುತ್ತುಗ, ಬೂರುಗ, ಹೊಂಗೆ, ಕಕ್ಕೆ, ಹೊಳೆದಾಸವಾಳ, ಸಂಪಿಗೆ ಸೇರಿಸಿ ಅದೇ ಟೈಮ್‌ಟೇಬಲ್ ಮತ್ತೆ ಬರೆಯಬಹುದು. ಕೃಂಬಿಗಲ್ ಬಿಟ್ಟುಹೋಗಿದ್ದು ಮರದ ಪಟ್ಟಿಗಿಂತ ಹೆಚ್ಚಾಗಿ ಆ ವಿಧಾನ.

ಇನ್ನೊಂದು ವಿಷಯ. ನಾವು ಈಗ ಫೋಟೋ ಹಿಡಿಯೋ ಗುಲಾಬಿ ಟಬೂಬಿಯಾಗಳನ್ನೆಲ್ಲ ಕೃಂಬಿಗಲ್ ಲೆಕ್ಕಕ್ಕೆ ಬರೆಯೋದು ತಪ್ಪು. ಬೆಂಗಳೂರಿನ ರಸ್ತೆಬದಿಯ ಮರಗಳಲ್ಲಿ ಬಹಳಷ್ಟು 1980ರ ದಶಕದವು. ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಆಗ ಲಕ್ಷಗಟ್ಟಲೆ ಸಸಿಗಳು ಊರಿಗೆ ಬಂದವು. ಹೈದರ್, ಟಿಪ್ಪು, ಕ್ಯಾಮರಾನ್, ಕೃಂಬಿಗಲ್, ಜವರಾಯ, ಮರಿಗೌಡ, ನೇಗಿನಹಾಳ. ಇವರ ಜೊತೆಗೆ ಹೆಸರೇ ಉಳಿಯದ ಸಾವಿರಾರು ಮಾಲಿಗಳು. ಇದು ರಿಲೇ ಓಟ. ಕೃಂಬಿಗಲ್ ಅವರದ್ದು ಅದರಲ್ಲಿ ಬಹಳ ಚೆನ್ನಾಗಿ ಓಡಿದ ಒಂದು ಸುತ್ತು. ಅವರ ದೊಡ್ಡತನ ನಮಗೆ ಕಂಡಿದ್ದು ಒಬ್ಬರೇ ಓಡಿದ್ದರಲ್ಲಲ್ಲ. ಕೋಲನ್ನ ಮುಂದಿನವರ ಕೈಗೆ ಬೀಳದ ಹಾಗೆ ಕೊಟ್ಟಿದ್ದರಲ್ಲಿ.

ಕೋಲು ಬಿದ್ದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಲಾಲ್‌ಬಾಗ್‌ನಲ್ಲೇ ಇದೆ. 19ನೇ ಶತಮಾನದ ಒಂದು ಚಂದದ ಕಟ್ಟಡ ಅಲ್ಲಿತ್ತು. ತೋಟಗಾರಿಕೆ ಪಾಠ, ಉಪನ್ಯಾಸಗಳಿಗೆ ಬಳಸುತ್ತಿದ್ದ ಅದಕ್ಕೆ ಕೃಂಬಿಗಲ್ ಹಾಲ್ ಅಂತಲೇ ಹೆಸರು. ಆರೈಕೆ ಇಲ್ಲದೆ ಶಿಥಿಲವಾಗಿದ್ದ ಅದು 2017ರಲ್ಲಿ ಕುಸಿಯಿತು. ಜೀವನವಿಡೀ ಆರೈಕೆಯ ಕೆಲಸ ಮಾಡಿದವರ ಹೆಸರಿನ ಕಟ್ಟಡ ಆರೈಕೆ ಇಲ್ಲದೇ ಬಿತ್ತು ಅಂತ ಓದಿದಾಗ ನಮಗೆ ಹಾಸ್ಟೆಲ್ ಹಿಂದಿನ 49 ಒಣ ಕಡ್ಡಿಗಳು ನೆನಪಾದವು. ಬೇರೆಯವರನ್ನ ಬೈಯೋ ಬಾಯಿ ನಮಗಿರಲಿಲ್ಲ.

ಸಿವಿಲ್ ವಿಭಾಗದಲ್ಲಿ ನಮಗೆ ಸೇತುವೆ ಡಿಸೈನ್ ಮಾಡೋದಕ್ಕೆ ಇಡೀ ಸೆಮಿಸ್ಟರ್ ಕೊಡ್ತಾರೆ. ಕಟ್ಟಿದ ಮೇಲೆ ಅದನ್ನ ಐವತ್ತು ವರ್ಷ ನೋಡಿಕೊಳ್ಳೋದು ಹೇಗೆ ಅನ್ನೋದು ಕೊನೇ ಯೂನಿಟ್ಟಿನ ಕೊನೇ ಎರಡು ಪುಟ, ಎಕ್ಸಾಮಿಗೆ ಬಂದರೂ ಚಾಯ್ಸ್‌ನಲ್ಲಿ ಬಿಟ್ಟುಬಿಡ್ತೀವಿ. ಪಾರ್ಕ್ ಆಗಲಿ, ಕೆರೆ ಆಗಲಿ, ಮರ ಆಗಲಿ, ಊರುಗಳು ಉಳಿಯೋದು ಆ ಎರಡು ಪುಟದ ಮೇಲೆ ಅಂತ ಕೃಂಬಿಗಲ್ ಜೀವನ ಓದಿದ ಮೇಲೆ ಅನ್ನಿಸುತ್ತಿದೆ.

ಈ ಸಲ ಹೀಗೆ

ಈ ವರ್ಷ ಜೂನ್ 5ಕ್ಕೆ ನಾವು 60 ಗಿಡ ನೆಡೋದಿಲ್ಲ. 12 ನೆಡ್ತೀವಿ, ತಿಂಗಳಿಗೊಂದರ ಲೆಕ್ಕದಲ್ಲಿ. ಜಾತಿಗಳನ್ನ ಕ್ಯಾಂಪಸ್ಸಿನ ಮಾಲಿಯವರ ಜೊತೆ ಕೂತು ಆರಿಸಿದ್ದೇವೆ, ಆದಷ್ಟು ಈ ನೆಲದವೇ. ಉಳಿದಿರೋ 11 ಗಿಡಗಳೂ ಲೆಕ್ಕಕ್ಕಿವೆ. ಒಂದೊಂದು ಗಿಡಕ್ಕೂ ಇಬ್ಬರು ಹೊಣೆ, ಒಬ್ಬರು ಮೊದಲ ವರ್ಷದವರು, ಇನ್ನೊಬ್ಬರು ಮೂರನೇ ವರ್ಷದವರು. ಸೀನಿಯರ್ ಪಾಸಾಗಿ ಹೋಗುವಾಗ ಇನ್ನೊಬ್ಬ ಜೂನಿಯರ್‌ಗೆ ಒಪ್ಪಿಸಿ ಹೋಗಬೇಕು. ರಜೆಯಲ್ಲಿ ಊರಿಗೆ ಹೋಗದೆ ಹಾಸ್ಟೆಲ್‌ನಲ್ಲೇ ಇರೋರ ಪಟ್ಟಿಯೂ ತಯಾರಾಗಿದೆ, ನೀರಿನ ಸರದಿ ಅವರದು. ಯಾವ ಗಿಡ ಯಾವ ತಿಂಗಳು ಚಿಗುರಿತು, ಯಾವಾಗ ಹೂ ಬಿಟ್ಟಿತು ಅಂತ ಬರೆಯೋಕೆ ಸಂಘದ ಕೋಣೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇವೆ. ಅದರ ಮೊದಲ ಪುಟದಲ್ಲಿ ಒಣಗಿಹೋದ 49 ಗಿಡಗಳ ಹೆಸರೂ ಇವೆ, ನೆನಪಿರಲಿ ಅಂತ.

ನಾವು ನೆಡೋ ಮರಗಳು ನೆರಳು ಕೊಡೋ ಹೊತ್ತಿಗೆ ನಾವ್ಯಾರೂ ಇಲ್ಲಿರಲ್ಲ. ಹಾಸ್ಟೆಲ್ ಹಿಂದೆ ಆಗ ಓಡಾಡೋ ಹುಡುಗರಿಗೆ ನಮ್ಮ ಹೆಸರೂ ಗೊತ್ತಿರಲ್ಲ. ಪರವಾಗಿಲ್ಲ. ಮುಂದಿನ ಸಲ ಲಾಲ್‌ಬಾಗ್‌ಗೆ ಹೋದಾಗ ಗಾಜಿನ ಮನೆ ಮುಂದೆ ಫೋಟೋ ಆದ ಮೇಲೆ, ಯಾವುದಾದರೂ ಒಂದು ದೊಡ್ಡ ಮರದ ಕೆಳಗೆ ಎರಡು ನಿಮಿಷ ಕೂತು ಬನ್ನಿ. ನೋಟ್‌ಬುಕ್ಕಿನಲ್ಲಿ ಇನ್ನೂ ಮೂರು ಗಿಡಕ್ಕೆ ಜೂನಿಯರ್‌ಗಳ ಹೆಸರು ಖಾಲಿ ಇದೆ. ಬರೆಸೋಕೆ ಮನಸ್ಸಿದ್ದವರು ಬುಧವಾರ ಸಂಜೆ ಸಂಘದ ಕೋಣೆಗೆ ಬನ್ನಿ.

– ಸಂಪಾದಕ ಬಳಗ, ಕನ್ನಡ ಸಂಘ